ಒಂಬತ್ತನೇ ಕಿವಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಅದೂ ಮೋಡ ಕಟ್ಟಿರುವಾಗ, ಇಷ್ಟು ಜನ ಬಂದಿದ್ದೀರಿ. ಖುಷಿಯಾಯಿತು.

ಒಂದು ಹಳೆಯ ಅವಮಾನದಿಂದ ಶುರು ಮಾಡುತ್ತೇನೆ. ಕಾಲೇಜಿನಲ್ಲಿದ್ದಾಗ ನಮ್ಮದೂ ಒಂದು ಬ್ಯಾಂಡ್ ಇತ್ತು. ನಾಲ್ಕು ಜನ, ಎರಡು ಗಿಟಾರು, ಸಾಲ ತಂದ ಒಂದು ಬೇಸ್, ಬಾಡಿಗೆ ಡ್ರಮ್ಸ್. ಪಾಕೆಟ್ ಮನಿ ಒಟ್ಟು ಮಾಡಿ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ನಾಲ್ಕು ಗಂಟೆ ಹಿಡಿದೆವು. ಎರಡು ಹಾಡು ಬಾರಿಸಿ, ಬೆವರು ಒರೆಸಿಕೊಂಡು, ಗಾಜಿನ ಆಚೆ ಕೂತಿದ್ದ ಎಂಜಿನಿಯರ್ ಮುಖ ನೋಡಿದೆವು. ಹಗಲಿಡೀ ಭಕ್ತಿಗೀತೆ, ಸೋಪಿನ ಜಾಹೀರಾತು ಅಂತ ರೆಕಾರ್ಡ್ ಮಾಡಿ ಸುಸ್ತಾಗಿದ್ದ ಮನುಷ್ಯ. ಹೆಡ್‌ಫೋನ್ ತೆಗೆದು ಒಂದೇ ಮಾತು ಹೇಳಿದರು: ‘ಡ್ರಮ್ಸ್ ಚೆನ್ನಾಗಿದೆ. ಅದರ ಮೇಲೆ ನೀವು ಮೂರೂ ಜನ ಯಾಕಪ್ಪಾ ಒಟ್ಟಿಗೆ ಕೂಗ್ತೀರಿ?’

ನಮಗೆ ಸಿಟ್ಟು ಬಂತು. ಇವರಿಗೇನು ಗೊತ್ತು ರಾಕ್ ಸಂಗೀತ ಅಂತ ಆಟೋದಲ್ಲಿ ಬೈದುಕೊಂಡೇ ಮನೆಗೆ ಹೋದೆವು. ಎಷ್ಟೋ ವರ್ಷದ ಮೇಲೆ ಆ ಕ್ಯಾಸೆಟ್ ಸಿಕ್ಕಿತು, ಹಾಕಿ ಕೇಳಿದೆ. ಡ್ರಮ್ಸ್ ನಿಜವಾಗಿ ಚೆನ್ನಾಗಿತ್ತು. ಮಿಕ್ಕಿದ್ದು ಸಂತೆ. ನಾಲ್ಕು ಜನಕ್ಕೆ ಎಂಟು ಕಿವಿ ಇದ್ದವು, ಆದರೆ ಅವತ್ತು ಆ ರೂಮಿನಲ್ಲಿ ಹಾಡನ್ನು ಕೇಳಿಸಿಕೊಳ್ಳುತ್ತಿದ್ದದ್ದು ಒಂಬತ್ತನೇ ಕಿವಿ ಮಾತ್ರ.

ಇವತ್ತು ಮಾತಾಡುವುದು ಆ ಒಂಬತ್ತನೇ ಕಿವಿಯ ಬಗ್ಗೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರೊಡ್ಯೂಸರ್ ಅಂತಾರೆ. ಇಲ್ಲೇ ನಮಗೊಂದು ತೊಡಕು. ನಮ್ಮಲ್ಲಿ ಪ್ರೊಡ್ಯೂಸರ್ ಅಂದರೆ ನಿರ್ಮಾಪಕ, ನಿರ್ಮಾಪಕ ಅಂದರೆ ಗಾಂಧಿನಗರದಲ್ಲಿ ದುಡ್ಡು ಹಾಕುವವರು. ರಾಕ್ ರೆಕಾರ್ಡಿನ ಪ್ರೊಡ್ಯೂಸರ್ ದುಡ್ಡು ಹಾಕುವುದಿಲ್ಲ. ಅವರದ್ದು ಹೆಚ್ಚುಕಡಿಮೆ ಸಿನಿಮಾ ನಿರ್ದೇಶಕರ ಕೆಲಸ. ಯಾವ ಹಾಡು ಇರಬೇಕು, ಯಾವುದು ಬೇಡ, ಎಲ್ಲಿ ಕೂತು ಬಾರಿಸಬೇಕು, ಮೈಕ್ ಎಲ್ಲಿಡಬೇಕು, ಯಾವಾಗ ‘ಸಾಕು, ಆಯ್ತು’ ಅನ್ನಬೇಕು, ಇದೆಲ್ಲ. ನಮ್ಮ ಸಿನಿಮಾ ಸಂಗೀತದಲ್ಲೂ ಹೆಸರು ಕಾಣದೆ ಇಂಥ ಕೆಲಸ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಇಳಯರಾಜಾ ದೊಡ್ಡವರಾಗುವ ಮುಂಚೆ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದರು. ಆ ಹಾಡುಗಳಲ್ಲಿ ಯಾವ ತಿರುವು ಯಾರದ್ದು ಅಂತ ಇವತ್ತಿಗೂ ಗೆಳೆಯರು ಕೂತು ವಾದ ಮಾಡುತ್ತಾರೆ. ಅಂಥದೇ ವಾದ ಇವತ್ತಿನದ್ದೂ. ಊರು ಮಾತ್ರ ಬೇರೆ, ಐರ್ಲೆಂಡಿನ ಡಬ್ಲಿನ್. ಬ್ಯಾಂಡು ಯೂಟೂ.

ಯೂಟೂನೇ ಯಾಕೆ? ನನ್ನ ಮೆಚ್ಚಿನ ಬ್ಯಾಂಡ್ ಅದು ಅನ್ನುವುದು ಒಂದು ಕಾರಣ, ಮುಚ್ಚಿಡುವುದಿಲ್ಲ. ಇನ್ನೊಂದು ಕಾರಣ ಇದೆ. 1976ರಲ್ಲಿ ಲ್ಯಾರಿ ಮಲೆನ್ ಅನ್ನುವ ಹುಡುಗ ತನ್ನ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ, ಬ್ಯಾಂಡಿಗೆ ಜನ ಬೇಕು ಅಂತ. ಅವನ ಮನೆಯ ಅಡುಗೆಮನೆಯಲ್ಲಿ ಹುಡುಗರು ಸೇರಿದರು. ಡ್ರಮ್ಸಿಗೆ ಲ್ಯಾರಿ, ಬೇಸಿಗೆ ಆಡಮ್ ಕ್ಲೇಟನ್, ಗಿಟಾರಿಗೆ ಎಡ್ಜ್, ಹಾಡಲು ಬೋನೋ. ನಲವತ್ತು ವರ್ಷ ದಾಟಿದರೂ ರೆಕಾರ್ಡುಗಳ ಮೇಲೆ ಅವೇ ನಾಲ್ಕು ಹೆಸರು. ಜನ ಬದಲಾಗಲಿಲ್ಲ. ಆದರೂ 1980ರ ಯೂಟೂ, 1987ರ ಯೂಟೂ, 1991ರ ಯೂಟೂ ಮೂರನ್ನೂ ಒಂದರ ಹಿಂದೆ ಒಂದು ಹಾಕಿದರೆ ಮೂರು ಬ್ಯಾಂಡ್ ಅನ್ನಿಸುತ್ತದೆ. ಒಳಗಿನವರು ಅವರೇ ಆಗಿದ್ದರೆ, ಬದಲಾದದ್ದು ಏನು? ಹೊರಗಿಂದ ಬಂದವರು ಯಾರು? ಇಷ್ಟು ಸ್ವಚ್ಛವಾದ ಪ್ರಯೋಗ ಬೇರೆ ಬ್ಯಾಂಡಿನಲ್ಲಿ ಸಿಗುವುದು ಕಷ್ಟ.

ಮೊದಲು ಎಡ್ಜ್‌ನ ಗಿಟಾರಿನ ಬಗ್ಗೆ ಎರಡು ಮಾತು. ಅದು ಗೊತ್ತಾಗದಿದ್ದರೆ ಮುಂದಿನ ಕಥೆ ಅರ್ಧ ಮಾತ್ರ ಅರ್ಥವಾಗುತ್ತೆ. ಎಡ್ಜ್ ಎಕೋ ಮೆಷಿನ್ ಬಳಸುತ್ತಾನೆ. ನೀವು ಒಂದು ಸ್ವರ ಮೀಟಿದರೆ, ಸ್ವಲ್ಪ ಹೊತ್ತಿನ ಮೇಲೆ ಯಂತ್ರ ಅದನ್ನೇ ತಿರುಗಿ ನುಡಿಸುತ್ತದೆ, ಬೆಟ್ಟದ ಎದುರು ಕೂಗಿದ ಹಾಗೆ. ಆ ‘ಸ್ವಲ್ಪ ಹೊತ್ತು’ ಎಷ್ಟು ಅನ್ನುವುದರಲ್ಲಿ ಅವನ ಜಾಣತನ. ಎಲ್ಲರೂ ‘ತಕಧಿಮಿ’ ಅನ್ನಿ. ಇನ್ನೊಂದು ಸಲ. ಈಗ ಎಡ್ಜ್ ಕೈಯಲ್ಲಿ ಮೀಟುವುದು ‘ತ’ ಮತ್ತು ‘ಧಿ’ ಮಾತ್ರ. ಎಕೋ ಮೂರು ಅಕ್ಷರ ತಡವಾಗಿ ಬರುವ ಹಾಗೆ ಯಂತ್ರ ಇಟ್ಟಿದ್ದಾನೆ. ‘ತ’ದ ಪ್ರತಿಧ್ವನಿ ‘ಮಿ’ ಮೇಲೆ ಬೀಳುತ್ತದೆ. ‘ಧಿ’ಯದ್ದು ಮುಂದಿನ ಆವರ್ತದ ‘ಕ’ ಮೇಲೆ. ಮನುಷ್ಯ ಎರಡು ನುಡಿಸಿದ, ಯಂತ್ರ ಎರಡು ತುಂಬಿತು, ಕೇಳುವವರಿಗೆ ಪೂರ್ತಿ ತಕಧಿಮಿ ಕೇಳಿಸಿತು. ಮೃದಂಗ ಕಲಿತವರು ಯಾರಾದರೂ ಇಲ್ಲಿದ್ದರೆ ನಗುತ್ತಿರಬಹುದು, ಇಷ್ಟೇನಾ ಅಂತ. ಇಷ್ಟೇ. ಆದರೆ ಈ ಲೆಕ್ಕ ಲಯ ತಪ್ಪದ ಡ್ರಮ್ಸ್ ಬೇಡುತ್ತದೆ. ಡ್ರಮ್ಸ್ ಒಂದು ಕೂದಲೆಳೆ ಓಡಿದರೂ ಎಕೋ ಎಲ್ಲೋ ಬಿದ್ದು ಕಾಲಿಗೆ ತೊಡರುತ್ತದೆ.

ಮೊದಲ ಆಲ್ಬಂಗೆ ಬಂದವರು ಸ್ಟೀವ್ ಲಿಲ್ಲಿವೈಟ್. ಅದಕ್ಕೂ ಮುಂಚೆ ಮಾರ್ಟಿನ್ ಹ್ಯಾನೆಟ್ ಅನ್ನುವ ಪ್ರೊಡ್ಯೂಸರ್ ಒಂದು ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡು, ಮಾಡಿಕೊಟ್ಟಿದ್ದರು. ಅವರ ಕೈಗುಣ ಈ ಹುಡುಗರಿಗೆ ಒಗ್ಗಲಿಲ್ಲ. ಲಿಲ್ಲಿವೈಟ್ ಇಂಗ್ಲಿಷರು, ಆಗಿನ್ನೂ ಇಪ್ಪತ್ತೈದರ ಆಸುಪಾಸು. ಡಬ್ಲಿನ್ನಿನ ವಿಂಡ್‌ಮಿಲ್ ಲೇನ್ ಸ್ಟುಡಿಯೋಗೆ ಬಂದು ಡ್ರಮ್ಸ್ ಕೇಳಿದರು. ರೂಮಿನೊಳಗೆ ಸದ್ದು ಸತ್ತ ಹಾಗಿತ್ತು. ಆಗಿನ ಸ್ಟುಡಿಯೋಗಳೇ ಹಾಗೆ, ಗೋಡೆಗೆಲ್ಲ ಮೆತ್ತೆ ಹೊಡೆದು ಸದ್ದನ್ನು ಹೀರಿಕೊಳ್ಳುತ್ತಿದ್ದರು. ಲಿಲ್ಲಿವೈಟ್ ಏನು ಮಾಡಿದರು ಗೊತ್ತಾ? ಲ್ಯಾರಿಯ ಡ್ರಮ್ಸ್ ಎತ್ತಿಸಿ ರಿಸೆಪ್ಷನ್ ಹತ್ತಿರದ ಮೆಟ್ಟಿಲ ಬುಡದಲ್ಲಿ ಇಡಿಸಿದರು. ಗಟ್ಟಿ ಗೋಡೆ, ಎತ್ತರದ ಸೂರು. ಒಂದು ಏಟು ಕೊಟ್ಟರೆ ಸದ್ದು ಮೆಟ್ಟಿಲು ಹತ್ತಿ ಇಳಿದು ಬರುತ್ತಿತ್ತು.

ತೊಂದರೆ ಏನಪ್ಪಾ ಅಂದರೆ, ಹಗಲು ಹೊತ್ತು ಅಲ್ಲಿ ರಿಸೆಪ್ಷನಿಸ್ಟ್ ಕೂತಿರುತ್ತಿದ್ದರು. ಅವರು ಸಂಜೆ ಕೆಲಸ ಮುಗಿಸಿ ಹೋಗುವ ತನಕ ಡ್ರಮ್ಸ್ ರೆಕಾರ್ಡಿಂಗ್ ಇಲ್ಲ. ಆಮೇಲೂ ಕೆಲವೊಮ್ಮೆ ಟೇಕ್ ಮಧ್ಯೆ ಫೋನು ಹೊಡೆದುಕೊಳ್ಳುತ್ತಿತ್ತಂತೆ. 1980ರ ‘ಬಾಯ್’ ಆಲ್ಬಂ ಹಾಕಿ ಕೇಳಿ. ಆ ಡ್ರಮ್ಸ್‌ನ ಸುತ್ತ ಒಂದು ಖಾಲಿ ಕಟ್ಟಡ ಇದೆ. ಹದಿಹರೆಯದ ಒಂಟಿತನದ ಬಗ್ಗೆ ಬೋನೋ ಬರೆದ ಸಾಲುಗಳಿಗಿಂತ ಆ ಮೆಟ್ಟಿಲು ಅದನ್ನು ಚೆನ್ನಾಗಿ ಹೇಳುತ್ತದೆ ಅಂತ ನನ್ನ ಅಭಿಪ್ರಾಯ. ಸದ್ದಿಗೆ ಬಾಟಲಿ ಒಡೆದಿದ್ದಾರೆ, ತಿರುಗುವ ಸೈಕಲ್ ಚಕ್ರಕ್ಕೆ ಚಮಚ-ಫೋರ್ಕು ತಾಗಿಸಿದ್ದಾರೆ. ಮಕ್ಕಳಾಟ. ಆದರೆ ಮಕ್ಕಳಾಟ ಆಡಲು ಧೈರ್ಯ ಕೊಡುವುದೂ ಪ್ರೊಡ್ಯೂಸರ್ ಕೆಲಸವೇ ತಾನೆ?

ಲಿಲ್ಲಿವೈಟ್ ಇನ್ನೂ ಎರಡು ಆಲ್ಬಂ ಮಾಡಿದರು. ಎರಡನೆಯದನ್ನು ಬೇಗ ದಾಟಿಬಿಡೋಣ. ಹಾಡು ಬರೆದಿಟ್ಟಿದ್ದ ಬೋನೋನ ಬ್ರೀಫ್‌ಕೇಸ್ 1981ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕಳೆದುಹೋಯಿತು, ಆ ಆಲ್ಬಂ ಕೇಳಿದರೆ ಅದು ಗೊತ್ತಾಗುತ್ತದೆ. ಮೂರನೆಯದು 1983ರ ‘ವಾರ್’. ಇಲ್ಲಿ ಲಿಲ್ಲಿವೈಟ್ ಒಂದು ಹಠ ಗೆದ್ದರು. ಲ್ಯಾರಿಗೆ ಕ್ಲಿಕ್ ಟ್ರ್ಯಾಕ್ ಕಂಡರೆ ಆಗುತ್ತಿರಲಿಲ್ಲ. ಕಿವಿಯಲ್ಲಿ ಟಿಕ್ ಟಿಕ್ ಅಂತ ತಾಳ ಹಾಕುವ ಯಂತ್ರ ಅದು. ‘ನಾನೇ ತಾಳ, ನನಗೇಕೆ ತಾಳ’ ಅನ್ನುವ ಜಾತಿ ಅವನದು. ಆಂಡಿ ನ್ಯೂಮಾರ್ಕ್ ಅನ್ನುವ ದೊಡ್ಡ ಡ್ರಮ್ಮರ್ ತಾನೂ ಅದನ್ನು ಬಳಸುತ್ತೇನೆ ಅಂದಮೇಲೆ ಲ್ಯಾರಿ ಒಪ್ಪಿದ. ಈಗ ಆ ತಕಧಿಮಿ ನೆನಪಿಸಿಕೊಳ್ಳಿ. ಡ್ರಮ್ಸ್ ನಿಂತ ನೆಲ ಗಟ್ಟಿಯಾದಮೇಲೆ ಎಡ್ಜ್‌ನ ಎಕೋ ನಿಜವಾಗಿ ಹಾರಿತು. ಅದೇ ಆಲ್ಬಂನಲ್ಲಿ ಒಂದು ಪಿಟೀಲು ಕೇಳುತ್ತದೆ. ಸ್ಟೀವ್ ವಿಕ್ಹ್ಯಾಮ್ ಅನ್ನುವ ಹುಡುಗ ಡಬ್ಲಿನ್ನಿನ ಬಸ್ ಸ್ಟಾಪಿನಲ್ಲಿ ಎಡ್ಜ್‌ನ ಹತ್ತಿರ ಹೋಗಿ ‘ನಿಮಗೆ ಪಿಟೀಲು ಬೇಕಾ?’ ಅಂತ ಕೇಳಿದನಂತೆ. ಕೇಳಿದ, ಸಿಕ್ಕಿತು.

‘ವಾರ್’ ಬ್ರಿಟನ್ನಿನಲ್ಲಿ ನಂಬರ್ ಒಂದಾಯಿತು. ಬೇರೆ ಯಾವ ಬ್ಯಾಂಡ್ ಆಗಿದ್ದರೂ ಅದೇ ಸಾರನ್ನು ಇನ್ನೊಂದು ಸಲ ಬಿಸಿ ಮಾಡುತ್ತಿತ್ತು. ಇವರು ಬ್ರಯಾನ್ ಈನೋಗೆ ಫೋನ್ ಮಾಡಿದರು.

ಈನೋ ಬಗ್ಗೆ ಸ್ವಲ್ಪ ಹೇಳಬೇಕು. ರಾಕ್ಸಿ ಮ್ಯೂಸಿಕ್ ಬ್ಯಾಂಡಿನಲ್ಲಿ ಸಿಂಥಸೈಜರ್ ಹಿಡಿದು ನಿಂತವರು. ತನ್ನನ್ನು ತಾನೇ ‘ಸಂಗೀತಗಾರ ಅಲ್ಲ’ ಅಂದುಕೊಂಡವರು. ವಿಮಾನ ನಿಲ್ದಾಣಕ್ಕೆ ಅಂತ ಒಂದು ಇಡೀ ಆಲ್ಬಂ ಮಾಡಿದವರು. ಅದರಲ್ಲಿ ಏನೂ ನಡೆಯುವುದಿಲ್ಲ, ಆದರೆ ನಿಲ್ಲಿಸಲೂ ಮನಸ್ಸು ಬರುವುದಿಲ್ಲ. ಡೇವಿಡ್ ಬೋವಿ ಜೊತೆ ಬರ್ಲಿನ್ನಿನಲ್ಲಿ ಕೆಲಸ ಮಾಡಿದ್ದರು, ಟಾಕಿಂಗ್ ಹೆಡ್ಸ್ ಬ್ಯಾಂಡಿಗೆ ಪ್ರೊಡ್ಯೂಸರ್ ಆಗಿದ್ದರು. ಯೂಟೂವಿನ ರೆಕಾರ್ಡ್ ಕಂಪನಿ ಐಲೆಂಡ್. ಅದರ ಯಜಮಾನ ಕ್ರಿಸ್ ಬ್ಲ್ಯಾಕ್‌ವೆಲ್‌ಗೆ ಗಾಬರಿಯಾಯಿತು. ಮೇಲೆ ಹತ್ತುತ್ತಿರುವ ಬ್ಯಾಂಡು, ಈ ಮನುಷ್ಯನ ಕೈಗೆ ಸಿಕ್ಕಿ ಹೊಗೆಯಲ್ಲಿ ಮಾಯವಾದರೆ? ಈನೋಗೂ ಮನಸ್ಸಿರಲಿಲ್ಲ. ತನ್ನ ಜೊತೆ ಡೇನಿಯಲ್ ಲ್ಯಾನ್ವಾ ಅನ್ನುವ ಕೆನಡಾದ ಎಂಜಿನಿಯರ್‌ನನ್ನು ಕರೆತಂದು, ಈ ಕೆಲಸ ಇವನಿಗೆ ವಹಿಸಿ ಜಾರಿಕೊಳ್ಳುವ ಲೆಕ್ಕದಲ್ಲಿದ್ದರು. ಬೋನೋ ಮಾತಿನಮಲ್ಲ, ಬಿಡಲಿಲ್ಲ. ಇಬ್ಬರೂ ಉಳಿದರು.

1984ರಲ್ಲಿ ಸ್ಟುಡಿಯೋ ಬಿಟ್ಟು ಸ್ಲೇನ್ ಕೋಟೆಗೆ ಹೋದರು. ಬಾಯ್ನ್ ನದಿ ದಂಡೆಯ ಹಳೇ ಅರಮನೆ. ಅಲ್ಲಿಯ ನೃತ್ಯದ ಹಾಲಿನಲ್ಲಿ, ಲೈಬ್ರರಿಯಲ್ಲಿ ಬಾರಿಸಿದರು. ಲಿಲ್ಲಿವೈಟ್ ಮೆಟ್ಟಿಲನ್ನು ಹುಡುಕಿದ್ದರು, ಇವರು ಇಡೀ ಕೋಟೆಯನ್ನೇ ಹಿಡಿದರು! ಆದರೆ ಸದ್ದಿನ ಉದ್ದೇಶ ಬೇರೆ. ಲಿಲ್ಲಿವೈಟ್‌ಗೆ ಬೇಕಿದ್ದದ್ದು ಏಟು. ಈನೋಗೆ ಬೇಕಿದ್ದದ್ದು ಏಟಿನ ನಂತರ ಗಾಳಿಯಲ್ಲಿ ಉಳಿಯುವುದು. ಅದರ ಮೇಲೆ ಸಿಂಥ್ ಇಟ್ಟು, ತಿರುಗಿಸಿ ಮುರುಗಿಸಿ, ಹಾಡಿನ ಹಿಂದೆ ಒಂದು ಮಂಜು ಹರಡಿದರು.

ಒಂದು ಹಾಡಿನ ಕಥೆ ಕೇಳಿ. ಈಗಾಗಲೇ ರೆಕಾರ್ಡ್ ಆಗಿದ್ದ ಇನ್ನೊಂದು ಹಾಡಿನ ವಾದ್ಯಗಳ ಟೇಪನ್ನು ನಿಧಾನ ಮಾಡಿ ಓಡಿಸಿದರು. ಬೋನೋ ಕೈಗೆ ಮೈಕ್ ಕೊಟ್ಟರು. ಅವನು ಬಾಯಿಗೆ ಬಂದದ್ದನ್ನು ಹಾಡಿದ. ಅರ್ಧ ಪದ, ಗೊಣಗು, ನಿಟ್ಟುಸಿರು. ಇದು ಬರೀ ಕರಡು, ಆಮೇಲೆ ಸಾಹಿತ್ಯ ಬರೆದು ಸರಿಯಾಗಿ ಹಾಡೋಣ ಅಂತ ಅವನ ಲೆಕ್ಕ. ಈನೋ ‘ಮುಗೀತು, ಇದೇ ಹಾಡು’ ಅಂದರು. ಅದು ‘ದಿ ಅನ್‌ಫರ್ಗೆಟಬಲ್ ಫೈರ್’ ಆಲ್ಬಂನಲ್ಲಿ ಹಾಗೇ ಇದೆ. ಬಹಳ ಜನ ಅದನ್ನು ಸ್ಕಿಪ್ ಮಾಡುತ್ತಾರೆ. ನಾನೂ ಎಷ್ಟೋ ಸಲ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಕರಡನ್ನೇ ಕೃತಿ ಅಂತ ಒಪ್ಪುವ ಧೈರ್ಯ ಬ್ಯಾಂಡಿನ ಒಳಗಿನಿಂದ ಬರುತ್ತಿರಲಿಲ್ಲ, ಅದಂತೂ ಖಾತ್ರಿ.

ಈಗ ಲ್ಯಾನ್ವಾ. ನನ್ನ ಒಂದು ದೂರು ಇದೆ. ಯೂಟೂ ಬಗ್ಗೆ ಬರೆಯುವವರೆಲ್ಲ ಈನೋ, ಈನೋ ಅಂತಾರೆ. ಈನೋ ಮಾತು ಚೆಂದ, ಐಡಿಯಾ ಚೆಂದ, ಸಂದರ್ಶನ ಚೆಂದ. ಆದರೆ ಈನೋ ಬರುತ್ತಾರೆ, ಹೋಗುತ್ತಾರೆ. ದಿನಾ ಬೆಳಿಗ್ಗೆ ಬಂದು ಲ್ಯಾರಿ ಮತ್ತು ಆಡಮ್ ಜೊತೆ ಕೂತು, ಬೇಸ್ ಎಲ್ಲಿ ಬೀಳಬೇಕು, ಡ್ರಮ್ಸ್ ಎಲ್ಲಿ ಉಸಿರು ಬಿಡಬೇಕು ಅಂತ ನೋಡಿದವರು ಲ್ಯಾನ್ವಾ. ತಾವೇ ಗಿಟಾರು ಹಿಡಿದು ಮಧ್ಯೆ ಕೂತುಬಿಡುತ್ತಿದ್ದರು. ಹಿಂದೆ ದನಿಗೂಡಿಸುತ್ತಿದ್ದರು. ‘ದಿ ಜೋಶುವಾ ಟ್ರೀ’ ಆಲ್ಬಂನಲ್ಲಿ ಗಾಸ್ಪೆಲ್ ತರಹದ ಆ ಪ್ರಸಿದ್ಧ ಹಾಡು ಗೊತ್ತಲ್ಲ, ಇನ್ನೂ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ ಅನ್ನುವುದು? ಅದರ ಹಿಂದೆ ಚರ್ಚಿನ ಮೇಳದ ಹಾಗೆ ಕೇಳಿಸುವುದು ಎಡ್ಜ್, ಲ್ಯಾನ್ವಾ, ಈನೋ, ಮೂರೇ ಜನ. ಹಲವು ಸಲ ದನಿ ಮೇಲೆ ದನಿ ಕೂರಿಸಿದ್ದಾರೆ. ಅದು ಮೊದಲು ಬೇರೆಯೇ ಒಂದು ಹಾಡಾಗಿತ್ತು. ಅದರಲ್ಲಿ ಲ್ಯಾರಿಯ ಡ್ರಮ್ಸ್ ಮಾತ್ರ ಎಲ್ಲರಿಗೂ ಇಷ್ಟ. ಮಿಕ್ಕಿದ್ದನ್ನು ಬಿಸಾಕಿ, ಆ ಡ್ರಮ್ಸ್ ಉಳಿಸಿಕೊಂಡು, ಅದರ ಮೇಲೆ ಹೊಸ ಹಾಡು ಕಟ್ಟಿದರು. ನಮ್ಮ ಸುಸ್ತಾದ ಎಂಜಿನಿಯರ್ ಹೇಳಿದ್ದೂ ಇದೇ ಅಲ್ವಾ?

ಅದೇ 1987ರ ಆಲ್ಬಂ. ಡಬ್ಲಿನ್ ಹೊರವಲಯದ ಡೇನ್ಸ್‌ಮೋಟ್ ಅನ್ನುವ ದೊಡ್ಡ ಮನೆಯಲ್ಲಿ ಬಹುಪಾಲು ಕೆಲಸ ನಡೆಯಿತು. ಆಲ್ಬಂನ ಮೊದಲ ಹಾಡು, ಹೆಸರಿಲ್ಲದ ಬೀದಿಗಳ ಹಾಡು. ಎಡ್ಜ್ ಮನೆಯಲ್ಲಿ ಒಬ್ಬನೇ ಕೂತು ಇದರ ಡೆಮೋ ಮಾಡಿ ತಂದ. ಮೂರರ ಎಣಿಕೆಯಲ್ಲಿ ಶುರುವಾಗುತ್ತದೆ, ನಡುವೆ ನಾಲ್ಕಕ್ಕೆ ಬರುತ್ತದೆ, ಕೊನೆಗೆ ಮತ್ತೆ ಮೂರು. ನಮ್ಮ ಕಛೇರಿಯಲ್ಲಿ ತಿಸ್ರದಿಂದ ಚತುರಶ್ರಕ್ಕೆ ಬಂದರೆ ತಲೆದೂಗುತ್ತೇವೆ. ತಾಳದ ಪಾಠ ಇಲ್ಲದ ನಾಲ್ಕು ಐರಿಷ್ ಹುಡುಗರಿಗೆ ಆ ಸೇತುವೆ ದಾಟುವುದು ಪ್ರಾಣಸಂಕಟ. ಲ್ಯಾನ್ವಾ ಒಂದು ಕಪ್ಪು ಹಲಗೆ ತರಿಸಿ, ಅದರ ಮೇಲೆ ಕಾರ್ಡುಗಳನ್ನು, ಅಂದರೆ ಗಿಟಾರಿನಲ್ಲಿ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ಬರೆದು, ವಿಜ್ಞಾನದ ಮೇಷ್ಟ್ರ ಹಾಗೆ ಕೋಲು ಹಿಡಿದು ತೋರಿಸುತ್ತಾ ಹುಡುಗರನ್ನು ನಡೆಸಿದರು.

ಟೇಪಿನ ಮೇಲೆ ಹಾಡು ಬಂತು, ಆದರೆ ಓರೆಕೋರೆಯಾಗಿ. ಅದನ್ನು ರಿಪೇರಿ ಮಾಡಲು ಕೂತರು. ಒಂದು ದಿನ, ಎರಡು ದಿನ, ವಾರಗಟ್ಟಲೆ. ಇಡೀ ಆಲ್ಬಂ ಸಮಯದಲ್ಲಿ ಹೆಚ್ಚುಕಡಿಮೆ ಅರ್ಧ ಇದೊಂದಕ್ಕೇ ಹೋಯಿತು ಅಂತ ಈನೋ ಆಮೇಲೆ ಅಂದಾಜು ಹಾಕಿದರು. ಅವರಿಗೆ ತಲೆ ಕೆಟ್ಟಿತು. ಅವರ ವಾದ ಸರಳ: ಕೆಟ್ಟ ಟೇಪನ್ನು ತೇಪೆ ಹಾಕುತ್ತಾ ಕೂರುವ ಬದಲು ಮೊದಲಿಂದ ಬಾರಿಸಿದರೆ ಬೇಗ ಮುಗಿಯುತ್ತದೆ. ಆದರೆ ಟೇಪ್ ಇರುವ ತನಕ ಇವರು ಬಿಡುವುದಿಲ್ಲ. ಹಾಗಾಗಿ ಟೇಪೇ ಇಲ್ಲದಿದ್ದರೆ? ‘ಅಯ್ಯೋ, ಅಕಸ್ಮಾತ್ ಅಳಿಸಿಹೋಯಿತು’ ಅಂದರಾಯಿತು.

ಇಲ್ಲಿಂದ ಮುಂದೆ ಹೇಳುವವರಿಗೆ ತಕ್ಕಂತೆ ಕಥೆ ಬದಲಾಗುತ್ತದೆ. ಚೆನ್ನಾಗಿರುವ ಆವೃತ್ತಿ ಹೇಳುತ್ತೇನೆ. ಪ್ಯಾಟ್ ಮೆಕಾರ್ಥಿ ಅನ್ನುವ ಸಹಾಯಕ ಎಂಜಿನಿಯರ್ ಟ್ರೇನಲ್ಲಿ ಎಲ್ಲರಿಗೂ ಟೀ ಹಿಡಿದುಕೊಂಡು ಕಂಟ್ರೋಲ್ ರೂಮಿಗೆ ಬಂದ. ಈನೋ ಟೇಪ್ ಅಳಿಸಲು ತಯಾರಾಗಿ ನಿಂತಿದ್ದಾರೆ. ಹುಡುಗ ಟ್ರೇ ಕೈಬಿಟ್ಟ, ಓಡಿಹೋಗಿ ಈನೋ ಅವರನ್ನು ತಬ್ಬಿ ಹಿಡಿದ. ಟೀ ನೆಲದ ಪಾಲು. ಹಾಡು ಉಳಿಯಿತು. ಬಿಡಿ ಬಿಡಿ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ಮತ್ತೆ ಕರೆದದ್ದು ಯಾರನ್ನು? ಹಳೇ ಲಿಲ್ಲಿವೈಟ್‌ರನ್ನೇ. ಮಂಜು ಹರಡಲು ಈನೋ, ಆ ಮಂಜಿನಿಂದ ಗಾಡಿ ಹೊರಗೆ ತರಲು ಲಿಲ್ಲಿವೈಟ್. ಹಾಡುಗಳ ಕ್ರಮ ಕೂರಿಸಿದ್ದು ಲಿಲ್ಲಿವೈಟ್‌ರ ಆಗಿನ ಹೆಂಡತಿ, ಗಾಯಕಿ ಕರ್ಸ್ಟಿ ಮೆಕಾಲ್. ನಿಮಗೆ ಆ ಆಲ್ಬಂ ಬಾಯಿಪಾಠ ಇದ್ದರೆ, ಯಾವ ಹಾಡಿನ ನಂತರ ಯಾವುದು ಅನ್ನುವ ಆ ನೆನಪು ಆಕೆಯ ಕೊಡುಗೆ.

ಹೊರಗಿನವರು ಅಂದರೆ ಬರೀ ಪ್ರೊಡ್ಯೂಸರ್‌ಗಳಲ್ಲ. ‘ವಿತ್ ಆರ್ ವಿದೌಟ್ ಯೂ’ ಹಾಡನ್ನು ಬ್ಯಾಂಡು ಹೆಚ್ಚುಕಡಿಮೆ ಕೈಬಿಟ್ಟಿತ್ತು. ಬೋನೋನ ಬಾಲ್ಯದ ಗೆಳೆಯ ಗ್ಯಾವಿನ್ ಫ್ರೈಡೇ ಅದನ್ನು ಕಸದಿಂದ ಎತ್ತಿ ಕೂರಿಸಿದ. ಅದೇ ಹೊತ್ತಿಗೆ ಮೈಕಲ್ ಬ್ರೂಕ್ ಅನ್ನುವ ಕೆನಡಾದ ಸಂಗೀತಗಾರ ಎಡ್ಜ್‌ಗೆ ಒಂದು ವಿಚಿತ್ರ ಗಿಟಾರು ಕಳಿಸಿದ. ಸ್ವರ ಒಮ್ಮೆ ಹಿಡಿದರೆ ನಿಲ್ಲುವುದೇ ಇಲ್ಲ, ಪಿಟೀಲಿನ ಕಮಾನು ಎಳೆದ ಹಾಗೆ ಎಷ್ಟು ಹೊತ್ತು ಬೇಕಾದರೂ ಉಳಿಯುತ್ತದೆ. ಜೋಡಿಸುವಾಗ ಒಂದು ವೈರು ತಪ್ಪಿದರೆ ಚೆನ್ನಾಗಿ ಶಾಕ್ ಹೊಡೆಯುವ ಸಾಮಾನು. ಆ ಹಾಡಿನ ಶುರುವಿನಲ್ಲಿ ದೂರದಿಂದ ಯಾರೋ ಅಳುವ ಹಾಗೆ ಕೇಳುತ್ತದಲ್ಲ, ಅದು ಆ ಗಿಟಾರು. ‘ದಿ ಜೋಶುವಾ ಟ್ರೀ’ ಎರಡು ಕೋಟಿಗೂ ಜಾಸ್ತಿ ಪ್ರತಿ ಮಾರಿತು, ವರ್ಷದ ಆಲ್ಬಂ ಅಂತ ಗ್ರ್ಯಾಮಿ ಬಂತು.

ಆಮೇಲೆ ಎಡವಿದರು. 1988ರಲ್ಲಿ ಬಂದ ಮುಂದಿನ ಆಲ್ಬಂಗಾಗಿ ಜಿಮ್ಮಿ ಅಯೋವಿನ್ ಜೊತೆ ಮೆಂಫಿಸ್‌ನ ಸನ್ ಸ್ಟುಡಿಯೋಗೆ ಹೋಗಿ, ಬಿ.ಬಿ. ಕಿಂಗ್ ಪಕ್ಕ ನಿಂತು ಅಮೆರಿಕದ ಬ್ಲೂಸ್ ಹಾಡಿದರು. ಅಯೋವಿನ್ ಒಳ್ಳೆಯ ಪ್ರೊಡ್ಯೂಸರೇ. ಆದರೆ ‘ಬೇಡ’ ಅನ್ನುವವರು ಆ ರೂಮಿನಲ್ಲಿ ಯಾರೂ ಇರಲಿಲ್ಲ ಅನ್ನಿಸುತ್ತದೆ. ಪತ್ರಿಕೆಗಳು ಚೆನ್ನಾಗಿ ಉಗಿದವು. 1989ರ ಡಿಸೆಂಬರ್ 30ರಂದು ಡಬ್ಲಿನ್ನಿನ ವೇದಿಕೆಯಲ್ಲಿ ಬೋನೋ, ಇನ್ನು ಇಲ್ಲಿಂದ ಹೋಗಿ ಎಲ್ಲವನ್ನೂ ಹೊಸದಾಗಿ ಕನಸು ಕಾಣಬೇಕು ಅಂದ. ಬ್ಯಾಂಡು ಒಡೆಯಿತು ಅಂತ ಊರೆಲ್ಲ ಸುದ್ದಿ.

1990ರ ಅಕ್ಟೋಬರ್, ಎರಡು ಜರ್ಮನಿ ಒಂದಾಗುತ್ತಿದ್ದ ಹೊತ್ತಿಗೇ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋ ಸೇರಿದರು. ಬೋವಿ ಮತ್ತು ಈನೋ 1977ರಲ್ಲಿ ಕೆಲಸ ಮಾಡಿದ್ದ ಜಾಗ. ಗೋಡೆ ಬಿದ್ದ ಊರಲ್ಲಿ ಒಳ್ಳೆಯ ಸ್ಫೂರ್ತಿ ಸಿಗುತ್ತದೆ ಅಂದುಕೊಂಡಿದ್ದರು, ಸಿಕ್ಕಿದ್ದು ಜಗಳ. ಬೋನೋ ಮತ್ತು ಎಡ್ಜ್‌ಗೆ ಯಂತ್ರದ ಲಯ, ಕರ್ಕಶ ಸದ್ದು, ಡ್ಯಾನ್ಸ್ ಕ್ಲಬ್ಬಿನ ಗುಂಗು. ಲ್ಯಾರಿ ಮತ್ತು ಆಡಮ್‌ಗೆ ‘ಹಾಗಾದರೆ ನಾವ್ಯಾಕೆ ಇಲ್ಲಿ?’ ಅನ್ನುವ ಪ್ರಶ್ನೆ. ಲ್ಯಾನ್ವಾ ಪಾಪ, ಹಳೆಯ ಭಾವುಕ ಯೂಟೂ ಬರುತ್ತೆ ಅಂತ ಕಾದು ಕೂತಿದ್ದರು.

ಹಾಗಿರುವಾಗ ಒಂದು ದಿನ ಎಡ್ಜ್ ಯಾವುದೋ ಹಾಡಿನ ನಡುವಿನ ಭಾಗಕ್ಕೆ ಎರಡು ಬೇರೆ ಬೇರೆ ಕಾರ್ಡ್ ಸರಣಿ ಮಾಡಿದ್ದ. ಇದೋ ಅದೋ ಅಂತ ನುಡಿಸಿ ನೋಡುತ್ತಿದ್ದ. ಲ್ಯಾನ್ವಾ ‘ಎರಡನ್ನೂ ಒಂದರ ಹಿಂದೆ ಒಂದು ನುಡಿಸು’ ಅಂದರು. ಅಷ್ಟೇ. ಎಡ್ಜ್ ನುಡಿಸಿದ. ಮಿಕ್ಕವರು ಎದ್ದು ಬಂದು ತಮ್ಮ ತಮ್ಮ ವಾದ್ಯ ಹಿಡಿದರು. ಬೋನೋ ಬಾಯಿಗೆ ರಾಗ ಬಂತು, ಸಾಲು ಬಂತು. ‘ವನ್’ ಅನ್ನುವ ಹಾಡು ಹುಟ್ಟಿದ್ದು ಹಾಗೆ. ಅವತ್ತು ಬ್ಯಾಂಡು ಉಳಿಯಿತು ಅಂತ ಅವರೇ ಹೇಳುತ್ತಾರೆ. ನಾನು ಈ ಜಾಗಕ್ಕೆ ಬಂದಾಗಲೆಲ್ಲ ನಿಲ್ಲುತ್ತೇನೆ. ಲ್ಯಾನ್ವಾ ಒಂದು ಸ್ವರ ಬರೆಯಲಿಲ್ಲ, ಒಂದು ಗುಂಡಿ ಒತ್ತಲಿಲ್ಲ. ನುಡಿಸುತ್ತಿದ್ದವನಿಗೆ ‘ಇದೋ ಅದೋ’ ಅಂತ ಕಂಡದ್ದು ಕೇಳುತ್ತಿದ್ದವನಿಗೆ ‘ಇದೂ ಅದೂ’ ಅಂತ ಕೇಳಿಸಿತು.

ಈನೋ ಆ ಆಲ್ಬಂಗೆ ಪೂರ್ತಿ ಹೊತ್ತು ಇರಲಿಲ್ಲ. ಆಗಾಗ ಬಂದು ಒಂದು ವಾರ ಇದ್ದು ಹೋಗುತ್ತಿದ್ದರು. ಮದುವೆ ಅಡುಗೆಮನೆಯಲ್ಲಿ ನೋಡಿದ್ದೀರಾ? ಬೆಳಗಿನ ಜಾವದಿಂದ ಒಲೆ ಮುಂದೆ ನಿಂತ ಅಡುಗೆಭಟ್ಟರಿಗೆ ಹೊತ್ತೇರುವಷ್ಟರಲ್ಲಿ ಮೂಗು ಕಟ್ಟಿಹೋಗಿರುತ್ತದೆ. ಘಮವೂ ತಿಳಿಯದು, ಉಪ್ಪೂ ತಿಳಿಯದು. ಹೊರಗಿಂದ ಯಾರನ್ನಾದರೂ ಕರೆದು ಅಂಗೈಗೆ ಸ್ವಲ್ಪ ಹುಳಿ ಹಾಕಿ ‘ನೋಡಿ, ಹೇಗಿದೆ’ ಅಂತಾರೆ. ಈನೋ ಹಾಗೆ ಬರುತ್ತಿದ್ದರು. ಇವರು ತಿಂಗಳುಗಟ್ಟಲೆ ಪದರದ ಮೇಲೆ ಪದರ ಪೇರಿಸಿ ಹಾಡೇ ಕಾಣದ ಹಾಗೆ ಮಾಡಿರುತ್ತಿದ್ದರು. ಈನೋ ಬಂದು ಯೂಟೂ ತರಹ ಜಾಸ್ತಿ ಕೇಳಿಸಿದ್ದನ್ನೆಲ್ಲ ಅಳಿಸುತ್ತಿದ್ದರು. ಯೋಚನೆ ಮಾಡಿ, ಸಂಬಳ ಕೊಟ್ಟು ಕರೆಸಿದ ಮನುಷ್ಯ, ಬ್ಯಾಂಡನ್ನು ಬ್ಯಾಂಡಿನಿಂದಲೇ ತೆಗೆಯುತ್ತಿದ್ದಾನೆ. ಕಂಟ್ರೋಲ್ ರೂಮಿನಲ್ಲಿ ಫ್ಲಡ್ ಅನ್ನುವ ಎಂಜಿನಿಯರ್ ಕೂತಿದ್ದ. ಆ ಕರ್ಕಶ ಸದ್ದಿನಲ್ಲಿ ಅವನ ಪಾಲು ದೊಡ್ಡದು. 1991ರ ಕೊನೆಗೆ ‘ಆಖ್ತುಂಗ್ ಬೇಬಿ’ ಬಂತು. ಇದು ನಾಲ್ಕು ಜನ ಸೇರಿ ಜೋಶುವಾ ಮರ ಕಡಿಯುತ್ತಿರುವ ಸದ್ದು ಅಂತ ಬೋನೋ ಹೇಳಿದ. ಕೊಡಲಿ ಕೊಟ್ಟವರು ಯಾರು ಅಂತ ಈಗ ನಿಮಗೆ ಗೊತ್ತು.

ಮುಂದಿನದನ್ನು ಓಡುತ್ತಾ ಹೇಳುತ್ತೇನೆ, ಟೈಮ್ ಆಗುತ್ತಿದೆ ಅಂತ ಅಲ್ಲಿಂದ ಸನ್ನೆ ಬರುತ್ತಿದೆ. 1993ರ ‘ಜೂರೋಪಾ’ದ ಕೊನೆಯ ಹಾಡಿನ ಮುಖ್ಯ ದನಿ ಬೋನೋನದ್ದಲ್ಲ, ಅಮೆರಿಕದ ಹಿರಿಯ ಗಾಯಕ ಜಾನಿ ಕ್ಯಾಶ್ ಅವರದ್ದು. ತನ್ನದೇ ಆಲ್ಬಂನಲ್ಲಿ ಮೈಕ್ ಬಿಟ್ಟುಕೊಡುವ ಗಾಯಕರು ಕಡಿಮೆ. 1997ರ ‘ಪಾಪ್’ ಪಾಠ ಬೇರೆ. ಫ್ಲಡ್, ಹೌವಿ ಬಿ, ಸ್ಟೀವ್ ಆಸ್ಬೋರ್ನ್ ಅಂತ ಪ್ರೊಡ್ಯೂಸರ್‌ಗಳು ಜಾಸ್ತಿ. ಲ್ಯಾರಿಗೆ ಬೆನ್ನು ನೋವು, ಅವನಿಲ್ಲದಾಗ ಲೂಪುಗಳ, ಅಂದರೆ ಯಂತ್ರ ಮತ್ತೆ ಮತ್ತೆ ಸುತ್ತಿಸುವ ತುಣುಕುಗಳ, ಮೇಲೆ ಹಾಡು ಕಟ್ಟಿದರು. ಅಷ್ಟರಲ್ಲಿ ಟೂರ್ ಬುಕ್ ಆಗಿಬಿಟ್ಟಿತ್ತು, ಏಪ್ರಿಲ್‌ನಲ್ಲಿ ಲಾಸ್ ವೇಗಸ್. ಅರೆಬೆಂದದ್ದನ್ನೇ ಇಳಿಸಬೇಕಾಯಿತು. ಆಮೇಲೆ ಅದರ ಹಲವು ಹಾಡುಗಳನ್ನು ಅವರೇ ತಿದ್ದಿ ಮತ್ತೆ ರೆಕಾರ್ಡ್ ಮಾಡಿದರು. ಆ ಪ್ರೊಡ್ಯೂಸರ್‌ಗಳನ್ನು ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ಕ್ಯಾಲೆಂಡರ್ ಮುಂದೆ ಯಾವ ಕಿವಿ ಏನು ಮಾಡೀತು?

2000ದಲ್ಲಿ ಈನೋ ಮತ್ತು ಲ್ಯಾನ್ವಾ ವಾಪಸ್. ಎಡ್ಜ್ ಹಳೇ ಗಿಬ್ಸನ್ ಎಕ್ಸ್‌ಪ್ಲೋರರ್ ಗಿಟಾರು ಹೊರತೆಗೆದ. ‘ಬ್ಯೂಟಿಫುಲ್ ಡೇ’ ಹಾಡಿಗೆ ಅದರ ಸದ್ದು ಹಾಕಿದ. ಬೋನೋ ಗೊಣಗಿದ, ಇದು ಹಳೇ ಯೂಟೂ ಹಾಗೆ ಇದೆ ಅಂತ. ಎಡ್ಜ್ ಕೇಳಲಿಲ್ಲ. ಆ ಹಾಡಿಗೆ ಮೂರು ಗ್ರ್ಯಾಮಿ. 2004ರ ಆಲ್ಬಂಗೆ ಮೊದಲು ಕ್ರಿಸ್ ಥಾಮಸ್ ಬಂದರು. ತಿಂಗಳುಗಟ್ಟಲೆ ದುಡಿದ ಮೇಲೂ ಲ್ಯಾರಿಗೆ ಸಮಾಧಾನ ಇಲ್ಲ. ಕೊನೆಗೆ ಯಾರಿಗೆ ಫೋನು? ನೀವೇ ಹೇಳಿ. ಹೌದು, ಲಿಲ್ಲಿವೈಟ್! 2006ರಲ್ಲಿ ರಿಕ್ ರೂಬಿನ್ ಜೊತೆ ಪ್ರಯತ್ನಿಸಿದರು. ರೂಬಿನ್ ಪದ್ಧತಿ ಶಿಸ್ತಿನದ್ದು: ಹಾಡು ಪೂರ್ತಿ ಬರೆದು ಮುಗಿಸಿ, ಆಮೇಲೆ ಸ್ಟುಡಿಯೋಗೆ ಬನ್ನಿ. ಸರಿಯಾದ ಮಾತೇ. ಆದರೆ ಇವರು ಹಾಡು ಬರೆಯುವುದೇ ಸ್ಟುಡಿಯೋದ ಗಲಾಟೆಯಲ್ಲಿ. ಆ ಕೆಲಸ ಬದಿಗೆ ಹೋಯಿತು. ಎಷ್ಟು ದೊಡ್ಡ ಕಿವಿಯಾದರೂ ಈ ಮನೆಗೆ ಹೊಂದಬೇಕಲ್ಲ.

ನಮ್ಮ ಕಡೆಗೂ 2019ರಲ್ಲಿ ಬಂದರು. ಎ.ಆರ್. ರೆಹಮಾನ್ ಜೊತೆ ಸೇರಿ ‘ಅಹಿಂಸಾ’ ಅನ್ನುವ ಹಾಡು ಮಾಡಿದರು, ಅದರಲ್ಲಿ ತಿರುಕ್ಕುರಳ್‌ನ ತಮಿಳು ಸಾಲು ಇದೆ. ಡಿಸೆಂಬರ್ 15ಕ್ಕೆ ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಕಾರ್ಯಕ್ರಮ. ಬೆಂಗಳೂರಿಂದ ರೈಲು ಹತ್ತಿದ್ದವರಲ್ಲಿ ನಾನೂ ಒಬ್ಬ. ಹಾಡು ಕೇಳಲು ಹಿತವಾಗಿದೆ, ಆದರೆ ರೆಹಮಾನ್ ಮತ್ತು ಯೂಟೂ ಒಬ್ಬರಿಗೊಬ್ಬರು ತುಂಬಾ ಮರ್ಯಾದೆ ಕೊಟ್ಟುಕೊಂಡರು ಅಂತ ನನಗನ್ನಿಸಿತು. ಅತಿಥಿಗಳಂತೆ ನಡೆದುಕೊಂಡರು. ಇನ್ನೊಂದು ವಾರ ಒಂದೇ ರೂಮಿನಲ್ಲಿ ಕೂಡಿ ಹಾಕಿ, ಒಂದು ಜಗಳ ಮಾಡಿಸಿದ್ದರೆ ಬೇರೇನೋ ಹುಟ್ಟುತ್ತಿತ್ತೇನೋ.

ಆ ರಾತ್ರಿ ಸ್ಟೇಡಿಯಂನಲ್ಲಿ ಹೆಸರಿಲ್ಲದ ಬೀದಿಗಳ ಹಾಡು ಶುರುವಾದಾಗ ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನ ಹೆಗಲ ಮೇಲೆ ಕೈ ಹಾಕಿದರು. ಈಗ ಅದನ್ನೇ ಹಾಕೋಣ, ರೆಕಾರ್ಡಿನಲ್ಲಿ ಇರುವ ಹಾಗೆ. ಆ ಟ್ಯೂಬ್‌ಲೈಟ್ ಒಂದು ಆರಿಸಿ. ಮೊದಲು ಬರುವುದು ಈನೋ ಅವರ ಕೀಬೋರ್ಡು, ಚರ್ಚಿನ ಆರ್ಗನ್ ಹಾಗೆ, ತುಂಬಾ ಮೆಲ್ಲಗೆ. ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆಮೇಲೆ ಗಿಟಾರು, ಮೂರರ ಎಣಿಕೆಯಲ್ಲಿ. ಆಮೇಲೆ ಬೇಸ್, ಡ್ರಮ್ಸ್. ಬೋನೋ ಬಾಯಿ ತೆರೆಯಲು ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಕಾಯಬೇಕು. ಎಣಿಕೆ ಮೂರರಿಂದ ನಾಲ್ಕಕ್ಕೆ ಎಲ್ಲಿ ಜಾರುತ್ತದೆ ಅಂತ ತೊಡೆ ಮೇಲೆ ತಾಳ ಹಾಕಿ ನೋಡಿ. ಸಿಕ್ಕಿದವರು ಕೈ ಎತ್ತಿ.

ಹಾಡು ಮುಗಿದ ಮೇಲೆ ಹೊರಗೆ ಟೀ ಇದೆ. ಟ್ರೇ ತರುವ ಹುಡುಗನಿಗೆ ದಾರಿ ಬಿಡಿ.